‘ವಿಶ್ವದ ಶೇ 2ರ ವಿಜ್ಞಾನಿ’: ಆ ಒಂದು ಸಾಲಿನ ಒಳಗೆ ಏನಿದೆ?

ಸೆಪ್ಟೆಂಬರ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಅಚ್ಚಿನ ಸುದ್ದಿಗಳು ಸಾಲುಗಟ್ಟುತ್ತವೆ. ‘ವಿಶ್ವದ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಪ್ರಾಧ್ಯಾಪಕರು’, ‘ಸ್ಟ್ಯಾನ್‌ಫರ್ಡ್ ವಿ.ವಿ. ಪಟ್ಟಿಯಲ್ಲಿ ಸ್ಥಾನ’. ಜೊತೆಗೊಂದು ಫೋಟೊ, ಆಡಳಿತ ಮಂಡಳಿಯ ಅಭಿನಂದನೆ. 2025ರ ಸೆಪ್ಟೆಂಬರ್‌ನಲ್ಲಿ ಇದರ ಪಕ್ಕದಲ್ಲೇ ಇನ್ನೊಂದು ಸುದ್ದಿ ಬಂತು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ, ಪ್ರಕಟವಾಗಿ ಆಮೇಲೆ ತಪ್ಪು ಅಥವಾ ಮೋಸ ಕಂಡು ವಾಪಸಾದ ಸಂಶೋಧನಾ ಪ್ರಬಂಧಗಳಿಗೆ ಮೊದಲ ಬಾರಿಗೆ ಅಂಕ ಕಳೆಯುವ ಪದ್ಧತಿ ಶುರುವಾಯಿತು. ಅದೇ ವರ್ಷ ಜನವರಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಅಧ್ಯಾಪಕರ ನೇಮಕಾತಿಯಿಂದ ಅಂಕದ ಲೆಕ್ಕವನ್ನೇ ತೆಗೆದುಹಾಕುವ ಕರಡು ಹೊರಡಿಸಿತ್ತು. ಫೆಬ್ರುವರಿಯಲ್ಲಿ, ಯಾವ ಜರ್ನಲ್ ನಂಬಲರ್ಹ ಎಂದು ಹೇಳುತ್ತಿದ್ದ ತನ್ನ ‘ಕೇರ್’ ಪಟ್ಟಿಯನ್ನೂ ಕೈಬಿಟ್ಟಿತ್ತು.

ಇವೆಲ್ಲವನ್ನೂ ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ. ಒಂದು ಕಡೆ ಪ್ರಬಂಧಗಳ ಎಣಿಕೆಗೆ ಹಾರ, ಇನ್ನೊಂದು ಕಡೆ ಅದೇ ಎಣಿಕೆಯ ಮೇಲೆ ಅನುಮಾನ. ಈ ಸುದ್ದಿಗಳು ಬೇರೆ ಬೇರೆಯಲ್ಲ. ಒಬ್ಬ ಸಂಶೋಧಕ ಮಾಡಿದ ಕೆಲಸವನ್ನು ಅಳೆಯುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಹದಿನೈದು ವರ್ಷಗಳಿಂದ ಕೊಡುತ್ತ ಬಂದ ಉತ್ತರ ಈಗ ಕುಸಿಯುತ್ತಿದೆ. ಅದರ ಸದ್ದು ನಾನಾ ಕಡೆಯಿಂದ ಕೇಳಿಸುತ್ತಿದೆ, ಅಷ್ಟೆ.

ಪಟ್ಟಿ ಯಾರದು?

ಮೊದಲಿಗೆ ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಇದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿ ಅಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ‘ಪ್ಲಾಸ್ ಬಯಾಲಜಿ’ ಜರ್ನಲ್‌ನಲ್ಲಿ ಪರಿಚಯಿಸಿದ ದತ್ತಾಂಶ ಸಂಗ್ರಹ. ಇದಕ್ಕೆ ಮಾಹಿತಿ ಬರುವುದು ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ ‘ಸ್ಕೋಪಸ್’ ಎಂಬ, ಪ್ರಬಂಧಗಳ ದತ್ತಾಂಶ ಭಂಡಾರದಿಂದ. ಯಾರೂ ಅರ್ಜಿ ಹಾಕುವುದಿಲ್ಲ. ತೀರ್ಪುಗಾರರು ಕೂತು ಯಾವ ಪ್ರಬಂಧವನ್ನೂ ಓದುವುದಿಲ್ಲ. ಕಂಪ್ಯೂಟರ್ ಎಣಿಸುತ್ತದೆ.

ಏನನ್ನು ಎಣಿಸುತ್ತದೆ? ಉಲ್ಲೇಖಗಳನ್ನು. ಒಬ್ಬರು ಪ್ರಬಂಧ ಬರೆಯುವಾಗ ಹಿಂದಿನ ಯಾರದಾದರೂ ಕೆಲಸವನ್ನು ಆಧಾರವಾಗಿ ತೋರಿಸಿದರೆ ಅದು ಆ ಹಿಂದಿನವರ ಲೆಕ್ಕಕ್ಕೆ ಒಂದು ಉಲ್ಲೇಖ. ಪಟ್ಟಿ ಮಾಡುವವರು ಆರು ಬಗೆಯ ಲೆಕ್ಕಗಳನ್ನು ಕೂಡಿಸಿ ‘ಸಿ-ಸ್ಕೋರ್’ ಎಂಬ ಒಂದು ಅಂಕ ತೆಗೆಯುತ್ತಾರೆ. ಒಟ್ಟು ಉಲ್ಲೇಖ ಎಷ್ಟು, ಒಬ್ಬರೇ ಬರೆದ ಪ್ರಬಂಧಗಳಿಗೆ ಬಂದದ್ದು ಎಷ್ಟು, ಮೊದಲ ಅಥವಾ ಕೊನೆಯ ಹೆಸರಾಗಿದ್ದಾಗ ಬಂದದ್ದು ಎಷ್ಟು ಎನ್ನುವುದೆಲ್ಲ ಅದರಲ್ಲಿ ಸೇರುತ್ತದೆ. ಕನಿಷ್ಠ ಐದು ಪ್ರಬಂಧ ಬರೆದವರನ್ನು 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ವಿಂಗಡಿಸಲಾಗುತ್ತದೆ. ಒಟ್ಟಾರೆ ಮೊದಲ ಒಂದು ಲಕ್ಷದೊಳಗೆ ಬಂದವರು ಅಥವಾ ತಮ್ಮ ಉಪಕ್ಷೇತ್ರದ ಮೇಲಿನ ಶೇ 2ರೊಳಗೆ ಇರುವವರು ಪಟ್ಟಿಗೆ ಸೇರುತ್ತಾರೆ.

ಅಸಲಿಗೆ ಇಲ್ಲಿರುವುದು ಎರಡು ಪಟ್ಟಿ. ಒಂದು ಇಡೀ ವೃತ್ತಿಜೀವನದ್ದು. ಇನ್ನೊಂದು ಒಂದೇ ವರ್ಷದಲ್ಲಿ ಬಂದ ಉಲ್ಲೇಖಗಳದ್ದು. ಮೂವತ್ತು ವರ್ಷ ಒಂದೇ ಸಮಸ್ಯೆಯ ಬೆನ್ನು ಹತ್ತಿದವರೂ, ಆ ವರ್ಷ ಚಾಲ್ತಿಯಲ್ಲಿದ್ದ ವಿಷಯದ ಮೇಲೆ ಬರೆದವರೂ ಸುದ್ದಿಯ ತಲೆಬರಹದಲ್ಲಿ ಒಂದೇ ಆಗಿಬಿಡುತ್ತಾರೆ. ಈ ವ್ಯತ್ಯಾಸ ಹೇಳದ ಸುದ್ದಿ ಅರ್ಧ ಸುದ್ದಿ.

ಪಟ್ಟಿ ಸಿಗುವುದು ದೊಡ್ಡದೊಂದು ಎಕ್ಸೆಲ್ ಕಡತವಾಗಿ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪ್ರತಿ ಹೆಸರಿನ ಮುಂದೆ ಒಟ್ಟು ಪ್ರಬಂಧಗಳ ಸಂಖ್ಯೆ, ಮೊದಲ ಪ್ರಬಂಧದ ವರ್ಷ, ಇತ್ತೀಚಿನ ಪ್ರಬಂಧದ ವರ್ಷ ಇರುತ್ತವೆ. ಅಡ್ಡಕ್ಕೆ ಸರಿಸುತ್ತ ಹೋದರೆ ‘ಸೆಲ್ಫ್’ ಎಂಬ ಶೇಕಡಾವಾರು ಕಾಲಂ ಸಿಗುತ್ತದೆ. ಬಂದ ಉಲ್ಲೇಖಗಳಲ್ಲಿ ಆ ಲೇಖಕರು ಅಥವಾ ಅವರ ಸಹಲೇಖಕರು ತಾವೇ ಕೊಟ್ಟುಕೊಂಡದ್ದು ಎಷ್ಟು ಎಂದು ಅದು ಹೇಳುತ್ತದೆ. 2024ರಿಂದ ವಾಪಸಾದ ಪ್ರಬಂಧಗಳ ಲೆಕ್ಕವೂ ಸೇರಿಕೊಂಡಿದೆ. ಅಯೊನಿಡಿಸ್ ತಂಡ 2025ರ ಜನವರಿಯಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ವೃತ್ತಿಜೀವನದ ಪಟ್ಟಿಯಲ್ಲಿದ್ದ ಸುಮಾರು 2.17 ಲಕ್ಷ ಜನರಲ್ಲಿ ಶೇ 3.3ರಷ್ಟು ಮಂದಿಯ ಕನಿಷ್ಠ ಒಂದು ಪ್ರಬಂಧ ವಾಪಸಾಗಿತ್ತು. ಒಂದು ವರ್ಷದ ಪಟ್ಟಿಯಲ್ಲಿ ಇದು ಶೇ 4. ಪಟ್ಟಿ ಮಾಡಿದವರೇ ಇಷ್ಟು ಎಚ್ಚರಿಕೆಗಳನ್ನು ಅದರೊಳಗೆ ಇಟ್ಟಿದ್ದಾರೆ. ಪತ್ರಿಕಾ ಪ್ರಕಟಣೆ ತಲುಪುವ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ.

ಎಚ್-ಇಂಡೆಕ್ಸ್ ಹೇಗೆ ಎಣಿಸುತ್ತದೆ

ಸಂಶೋಧಕರ ಬಯೊಡೇಟಾದಲ್ಲಿ ಇಂದು ಹೆಸರಿನಷ್ಟೇ ಮುಖ್ಯವಾಗಿರುವುದು ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಇದನ್ನು ಮುಂದಿಟ್ಟರು. ಲೆಕ್ಕ ಸರಳ. ಒಬ್ಬರ ಐದು ಪ್ರಬಂಧಗಳಿಗೆ ತಲಾ ಐದಾದರೂ ಉಲ್ಲೇಖ ಬಂದಿದ್ದರೆ ಅವರ ಎಚ್-ಇಂಡೆಕ್ಸ್ 5. ಹತ್ತು ಪ್ರಬಂಧಗಳಿಗೆ ತಲಾ ಹತ್ತು ಬಂದಿದ್ದರೆ 10.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಮೊದಲನೆಯವರ ಐದು ಪ್ರಬಂಧಗಳಿಗೆ ಬಂದ ಉಲ್ಲೇಖ 400, 210, 6, 3, 1. ಎರಡನೆಯವರದು 7, 6, 6, 5, 5. ಮೊದಲನೆಯವರಿಗೆ ಒಟ್ಟು 620, ಎರಡನೆಯವರಿಗೆ 29. ಆದರೆ ಎಚ್-ಇಂಡೆಕ್ಸ್ ಮೊದಲನೆಯವರಿಗೆ 3, ಎರಡನೆಯವರಿಗೆ 5. ಇಡೀ ಕ್ಷೇತ್ರದ ದಿಕ್ಕು ಬದಲಿಸಿದ ಎರಡು ಪ್ರಬಂಧ ಬರೆದವರು ಈ ಲೆಕ್ಕದಲ್ಲಿ ಹಿಂದೆ ಬೀಳುತ್ತಾರೆ. ಮೊನ್ನೆ ಮೊನ್ನೆ ಕೆಲಸ ಶುರುಮಾಡಿದವರೂ ಅಷ್ಟೆ, ಎಷ್ಟೇ ಒಳ್ಳೆಯ ಕೆಲಸ ಮಾಡಿದ್ದರೂ ಸಂಖ್ಯೆ ಏರಲು ವರ್ಷಗಳು ಬೇಕು. ವಿಷಯದಿಂದ ವಿಷಯಕ್ಕೂ ಅಂತರವಿದೆ. ವೈದ್ಯಕೀಯದಲ್ಲಿ ಬರೆಯುವವರು ಬಹಳ, ಉಲ್ಲೇಖಗಳೂ ಬಹಳ. ಶುದ್ಧ ಗಣಿತದಲ್ಲಿ ಒಳ್ಳೆಯ ಪ್ರಮೇಯವೊಂದನ್ನು ಓದಿ ಅರ್ಥಮಾಡಿಕೊಳ್ಳುವವರು ಜಗತ್ತಿನಲ್ಲಿ ಐವತ್ತು ಜನ ಇರಬಹುದು. ಹೀಗೆ ಉಲ್ಲೇಖಗಳೇ ಕಡಿಮೆ ಇರುವುದರಿಂದ ಗಣಿತದಲ್ಲಿ ಅವನ್ನು ಉಬ್ಬಿಸುವುದು ಎಷ್ಟು ಸುಲಭವಾಯಿತೆಂದರೆ, ಅತಿ ಹೆಚ್ಚು ಉಲ್ಲೇಖಿತ ಸಂಶೋಧಕರ ಪಟ್ಟಿ ಹೊರತರುವ ಕ್ಲಾರಿವೇಟ್ ಸಂಸ್ಥೆ 2023ರಲ್ಲಿ ಆ ವಿಭಾಗವನ್ನೇ ಬಿಟ್ಟುಬಿಟ್ಟಿತು.

ಒಂದು ಪ್ರಬಂಧ, ಮೂರು ಬಗೆಯ ವೃತ್ತಿ

ಎಣಿಕೆ ಎಲ್ಲಿ ಸೋಲುತ್ತದೆ ಎಂದು ನೋಡಲು ಒಂದೇ ಒಂದು ಪ್ರಬಂಧ ಸಾಕು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದಾಗ ಎದ್ದ ಗುರುತ್ವ ಅಲೆಯನ್ನು, ಎಂದರೆ ದೇಶ-ಕಾಲದಲ್ಲೇ ಏಳುವ ನವಿರು ಕಂಪನವನ್ನು, ಹಿಡಿದವು. 2016ರ ಫೆಬ್ರುವರಿ 11ರಂದು ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಅದರ ಪ್ರಬಂಧ ಬಂತು. ಲೇಖಕರು ಸಾವಿರಕ್ಕೂ ಹೆಚ್ಚು. ಬೆಂಗಳೂರಿನ ಐಸಿಟಿಎಸ್, ಪುಣೆಯ ಅಯುಕಾ ಸೇರಿ ಭಾರತದ ಹಲವು ಸಂಸ್ಥೆಗಳವರ ಹೆಸರೂ ಅದರಲ್ಲಿವೆ. ನಾಲ್ಕು ಕಿಲೊಮೀಟರ್ ಉದ್ದದ ಕೊಳವೆಗಳಲ್ಲಿ ಪ್ರೋಟಾನ್‌ಗಿಂತ ಸಣ್ಣ ಅಲುಗಾಟ ಅಳೆಯಬೇಕಾದರೆ ಕನ್ನಡಿ ನಯಗೊಳಿಸುವವರಿಂದ ಹಿಡಿದು ಸಾಫ್ಟ್‌ವೇರ್ ಬರೆಯುವವರವರೆಗೆ ಅಷ್ಟೂ ಜನ ಬೇಕು. ಇಲ್ಲಿ ಸಾವಿರ ಹೆಸರು ಇರುವುದು ತಪ್ಪಲ್ಲ, ನ್ಯಾಯ.

ಅದೇ ಪ್ರಬಂಧದ ಹಿಂದೆ ಇನ್ನೊಂದು ಬಗೆಯ ಕೆಲಸವಿದೆ. ಬಂದ ಸದ್ದು ಗುರುತ್ವ ಅಲೆಯದೇ ಎಂದು ಗುರುತಿಸಬೇಕಾದರೆ ಅದರ ಆಕಾರ ಮೊದಲೇ ಗೊತ್ತಿರಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲ ಅಯ್ಯರ್ ಅವರು ಫ್ರಾನ್ಸ್‌ನ ಲುಕ್ ಬ್ಲಾಂಶೆ, ಥಿಬೊ ದಾಮೂರ್ ಮೊದಲಾದವರ ಜೊತೆ 1990ರ ದಶಕದಿಂದ ಈ ಲೆಕ್ಕಗಳನ್ನು ಹಂತಹಂತವಾಗಿ ಮಾಡುತ್ತ ಬಂದರು. ಇದು ನಾಲ್ಕಾರು ಜನರ ಸಹಯೋಗ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಬೇರೆ ದಾರಿಯಲ್ಲಿ ಮಾಡಿ, ಎರಡೂ ತಾಳೆಯಾದ ಮೇಲೆ ಮುಂದಿನ ಹೆಜ್ಜೆ. ವರ್ಷಕ್ಕೆ ಇಪ್ಪತ್ತು ಪ್ರಬಂಧ ಬರೆಯುವ ಕೆಲಸ ಇದಲ್ಲ.

ಮೂರನೆಯದು ಒಬ್ಬಂಟಿಯ ಕೆಲಸ. ಆ ಸಾವಿರ ಜನರ ಪ್ರಬಂಧ ಮೊದಲಲ್ಲೇ ನೆನೆಯುವ ಹಳೆಯ ಕೆಲಸಗಳಲ್ಲಿ 1970ರ ‘ನೇಚರ್’ ಪ್ರಬಂಧವೊಂದಿದೆ. ಲೇಖಕರು ಒಬ್ಬರೇ: ಬೆಂಗಳೂರಿನವರಾದ ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿಗೆ ಗುರುತ್ವ ಅಲೆಯೊಂದು ಬಡಿದರೆ ಏನಾಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಬಡಿದ ಗಂಟೆಯ ನಾದ ಮೆಲ್ಲಗೆ ಅಡಗುವ ಹಾಗೆ ಕಪ್ಪುಕುಳಿಯೂ ತನ್ನದೇ ಸ್ವರದಲ್ಲಿ ಮಿಡಿದು ಅಡಗುತ್ತದೆ ಎಂದು ತೋರಿಸಿದರು. ಕಪ್ಪುಕುಳಿ ನಿಜಕ್ಕೂ ಇದೆಯೇ ಎಂದು ವಾದ ನಡೆಯುತ್ತಿದ್ದ ಕಾಲ ಅದು. 2015ರ ಸಂಕೇತದ ಕೊನೆಯಲ್ಲಿ ಕೇಳಿಸಿದ್ದು ಆ ಬಗೆಯ ನಾದವೇ. ನಡುವೆ ಕಳೆದದ್ದು ನಲವತ್ತೈದು ವರ್ಷ. ಆ ವರ್ಷಗಳಲ್ಲಿ ಅವರು ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದರು, ವಿಜ್ಞಾನವನ್ನು ವಿವರಿಸಲು ತಾವೇ ವ್ಯಂಗ್ಯಚಿತ್ರ ಬರೆಯುತ್ತಿದ್ದರು, ಶಾಲಾ ಮಕ್ಕಳಿಗೆ ಆಕಾಶ ತೋರಿಸಲು ಸಮಯ ಕೊಟ್ಟರು. 2017ರ ಜನವರಿಯಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಲೆಕ್ಕ ನಿಜವಾದದ್ದನ್ನು ಕಂಡರು. ತಾರಾಲಯದಲ್ಲಿ ಕಳೆದ ಆ ವರ್ಷಗಳಿಗೆ ಯಾವ ಉಲ್ಲೇಖದ ಎಣಿಕೆಯಲ್ಲೂ ಜಾಗವಿಲ್ಲ.

ಈ ಮೂರೂ ಬಗೆಯವರು ಇಲ್ಲದೆ ಆ ಆವಿಷ್ಕಾರ ಇಲ್ಲ. ಆದರೆ ಬರೀ ಎಣಿಸಿದರೆ ಸಾವಿರದಲ್ಲಿ ಒಬ್ಬರಿಗೂ, ಒಬ್ಬಂಟಿಯಾಗಿ ದಾರಿ ತೋರಿದವರಿಗೂ ಸಿಗುವುದು ಒಂದೊಂದೇ ಪ್ರಬಂಧ.

ಸಹಲೇಖಕರ ಸಾಲನ್ನು ಓದುವುದಕ್ಕೂ ಒಂದು ಕ್ರಮವಿದೆ. ಜೀವವಿಜ್ಞಾನ, ರಸಾಯನವಿಜ್ಞಾನಗಳಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೈಯಾರೆ ಕೆಲಸ ಮಾಡಿದ ವಿದ್ಯಾರ್ಥಿಯದು, ಕೊನೆಯದು ಪ್ರಯೋಗಾಲಯ ನಡೆಸುವ ಗೈಡ್‌ರದು. ಗಣಿತದಲ್ಲಿ ಅಕ್ಷರಕ್ರಮ. ನಡುವಿನ ಹೆಸರುಗಳವರು ಏನು ಮಾಡಿದರು ಎಂದು ಹೇಳಲು ‘ಕ್ರೆಡಿಟ್’ ಎಂಬ ಹದಿನಾಲ್ಕು ಪಾತ್ರಗಳ ಪದ್ಧತಿ ಬಂದಿದ್ದು ಹಲವು ಜರ್ನಲ್‌ಗಳು ಅದನ್ನು ಬಳಸುತ್ತಿವೆ: ಯೋಚನೆ ಯಾರದು, ಪ್ರಯೋಗ ಯಾರದು, ಅನುದಾನ ತಂದವರು ಯಾರು ಎಂದು ಬಿಡಿಸಿ ಬರೆಯಬೇಕು. ನಮ್ಮ ನೇಮಕಾತಿ ಅರ್ಜಿಗಳಲ್ಲೂ ಇಂಥದೊಂದು ಕಾಲಂ ಇದ್ದಿದ್ದರೆ ಎಷ್ಟೋ ವಿವಾದ ಅಲ್ಲಿಯೇ ಮುಗಿಯುತ್ತಿತ್ತು.

ಕನ್ನಡಿಗರ ಮಟ್ಟಿಗೆ ಇನ್ನೊಂದು ತೊಡಕು ಹೆಸರಿನದೇ. ನಮ್ಮಲ್ಲಿ ಅನೇಕರಿಗೆ ಕುಟುಂಬದ ಹೆಸರಿಲ್ಲ. ಊರಿನ ಅಥವಾ ತಂದೆಯ ಹೆಸರಿನ ಒಂದಕ್ಷರ ಹಿಂದೆ ಇರುತ್ತದೆ. ಎಸ್. ಕುಮಾರ್ ಒಂದು ಕಡೆ ಕುಮಾರ್ ಎಸ್. ಆಗುತ್ತಾರೆ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದಾಗುತ್ತಾರೆ. ಕಂಪ್ಯೂಟರ್ ಒಬ್ಬರನ್ನೇ ಮೂವರಾಗಿ ಒಡೆಯಬಹುದು, ಮೂವರು ಕುಮಾರ್‌ಗಳನ್ನು ಒಬ್ಬರಾಗಿ ಕೂಡಿಸಲೂಬಹುದು. ಮೊದಲನೆಯದರಲ್ಲಿ ಅನ್ಯಾಯ, ಎರಡನೆಯದರಲ್ಲಿ ಅನರ್ಹ ಕೀರ್ತಿ. 2012ರಿಂದ ಬಂದಿರುವ ‘ಆರ್ಕಿಡ್’ ಎಂಬ ಹದಿನಾರು ಅಂಕಿಗಳ ಗುರುತು ಇದಕ್ಕೆ ಪರಿಹಾರ. ಸಂಶೋಧನೆಗೆ ಸೇರುವ ಪ್ರತಿ ವಿದ್ಯಾರ್ಥಿ ಮೊದಲ ವಾರವೇ ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ಎಣಿಕೆ ಬಡ್ತಿಗೆ ಗಂಟು ಬಿದ್ದದ್ದು

ಈ ಅಂಕಿಗಳೆಲ್ಲ ಹುಟ್ಟಿದ್ದು ಬೇರೆ ಕೆಲಸಕ್ಕೆ. ಯೂಜೀನ್ ಗಾರ್‌ಫೀಲ್ಡ್ ರೂಪಿಸಿದ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಜರ್ನಲ್‌ಗಳನ್ನು ಹೋಲಿಸುವುದಕ್ಕೆ. ಗ್ರಂಥಪಾಲಕರು ಯಾವುದಕ್ಕೆ ಚಂದಾ ಕಟ್ಟಬೇಕು ಎಂದು ನಿರ್ಧರಿಸಲು ಅದು ನೆರವಾಗುತ್ತಿತ್ತು. ಒಂದು ಜರ್ನಲ್‌ನ ಪ್ರಬಂಧಗಳಿಗೆ ಬಂದ ಉಲ್ಲೇಖಗಳ ಸರಾಸರಿ ಅದು. ಒಳಗಿನ ಒಂದೊಂದು ಪ್ರಬಂಧದ ಗುಣ ಹೇಳುವುದಿಲ್ಲ. ವ್ಯಕ್ತಿಗಳನ್ನು ಅಳೆಯಲು ಅದನ್ನು ಬಳಸಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಹೇಳಿಕೆ ಸಿದ್ಧಪಡಿಸಿದರು. ಭಾರತ ಅದಕ್ಕೂ ಮೊದಲೇ ಬೇರೆ ದಾರಿ ಹಿಡಿದಿತ್ತು.

2010ರಲ್ಲಿ ಯುಜಿಸಿ ಅಧ್ಯಾಪಕರ ನೇಮಕಾತಿ, ಬಡ್ತಿಗೆ ‘ಎಪಿಐ’ ಎಂಬ ಅಂಕಪದ್ಧತಿ ತಂದಿತು. 2018ರ ನಿಯಮಗಳಲ್ಲಿ ಅದು ಬೇರೆ ರೂಪ ಪಡೆಯಿತು. ನೇರ ನೇಮಕಾತಿಯಲ್ಲಿ ಸಹ ಪ್ರಾಧ್ಯಾಪಕರಾಗಲು ಕನಿಷ್ಠ ಏಳು ಪ್ರಕಟಣೆ ಮತ್ತು 75 ಸಂಶೋಧನಾ ಅಂಕ, ಪ್ರಾಧ್ಯಾಪಕರಾಗಲು ಹತ್ತು ಪ್ರಕಟಣೆ ಮತ್ತು 120 ಅಂಕ. ವಿಜ್ಞಾನದ ಒಂದು ಪ್ರಬಂಧಕ್ಕೆ 8 ಅಂಕ, ಭಾಷೆ ಮತ್ತು ಸಮಾಜವಿಜ್ಞಾನಗಳಲ್ಲಿ 10. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಏರಿದಂತೆ ಅದರ ಮೇಲೆ ಇನ್ನಷ್ಟು.

ಈ ನಿಯಮದಲ್ಲಿ ಸಹಲೇಖಕರ ಹಂಚಿಕೆ ಹೀಗಿದೆ. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮುಖ್ಯ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಐದು ಜನ ಅಧ್ಯಾಪಕರು ತಲಾ ಒಂದೊಂದು ಪ್ರಬಂಧವನ್ನು ಒಬ್ಬೊಬ್ಬರೇ ಬರೆದರೆ ಪ್ರತಿಯೊಬ್ಬರಿಗೂ 8 ಅಂಕ. ಅದೇ ಐವರು, ಅದೇ ಐದು ಪ್ರಬಂಧಗಳ ಮೇಲೆ ಎಲ್ಲರ ಹೆಸರನ್ನೂ ಹಾಕಿಕೊಂಡರೆ? ತನ್ನ ಪ್ರಬಂಧದಿಂದ ಶೇ 70, ಉಳಿದ ನಾಲ್ಕರಿಂದ ತಲಾ ಶೇ 30, ಒಟ್ಟು ಶೇ 190. ಅಂದರೆ 15.2 ಅಂಕ. ಒಂದು ಸಾಲೂ ಹೆಚ್ಚು ಸಂಶೋಧನೆ ಆಗಿಲ್ಲ, ಅಂಕ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಅಧ್ಯಾಪಕರ ನೀತಿಯನ್ನು ದೂರುವ ಮೊದಲು ಈ ಗಣಿತವನ್ನು ನೋಡಬೇಕು. ಪ್ರಾಮಾಣಿಕವಾಗಿ ಒಬ್ಬರೇ ಕೂತು ಬರೆದವರನ್ನು ಹಿಂದೆ ತಳ್ಳುವುದು ನಿಯಮವೇ.

ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯುತ್ತದೆ. ಹಣ ಕಟ್ಟಿದರೆ ವಾರದೊಳಗೆ ಪ್ರಕಟಿಸುವ ಜರ್ನಲ್‌ಗಳು ನಾಯಿಕೊಡೆಗಳ ಹಾಗೆ ಎದ್ದವು. ತಡೆಯಲೆಂದು ಯುಜಿಸಿ 2017ರಲ್ಲಿ ಅನುಮೋದಿತ ಜರ್ನಲ್‌ಗಳ ಪಟ್ಟಿ ಮಾಡಿತು. ವಿಶ್ವವಿದ್ಯಾಲಯಗಳು ಕಳಿಸಿದ ಹೆಸರುಗಳೂ ಅದರಲ್ಲಿ ಸೇರಿದವು. 2018ರಲ್ಲಿ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ‘ಕರೆಂಟ್ ಸೈನ್ಸ್’ನಲ್ಲಿ, ಹಾಗೆ ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಬಂದು ತಾವು ಪರಿಶೀಲಿಸಿದ ಜರ್ನಲ್‌ಗಳಲ್ಲಿ ಶೇ 88ರಷ್ಟು ಕಳಪೆ ಇರಬಹುದೆಂದು ತೋರಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆಯಲಾಯಿತು. 2019ರಲ್ಲಿ ‘ಕೇರ್’ ಪಟ್ಟಿ ಬಂತು. ಪಟ್ಟಿಯಲ್ಲಿದ್ದ ಜರ್ನಲ್‌ಗಳ ಹೆಸರು ಕದ್ದ ನಕಲಿ ಜಾಲತಾಣಗಳು ಆಗ ಹುಟ್ಟಿಕೊಂಡವು. ಇನ್ನೊಂದೆಡೆ ಒಳ್ಳೆಯ ಪ್ರಾದೇಶಿಕ ಭಾಷೆಯ ನಿಯತಕಾಲಿಕಗಳು ಪಟ್ಟಿ ಸೇರಲು ಕಾಯಬೇಕಾಯಿತು. 2025ರ ಫೆಬ್ರುವರಿ 11ರ ಪ್ರಕಟಣೆಯೊಂದಿಗೆ ಅದೂ ಮುಗಿಯಿತು. ಈಗ ಮಾನದಂಡಗಳ ಸಲಹೆ ಮಾತ್ರ ಇದೆ. ಜರ್ನಲ್ ಒಳ್ಳೆಯದೋ ಕೆಟ್ಟದೋ ಎಂದು ಆಯಾ ಸಂಸ್ಥೆಯೇ ತೀರ್ಮಾನಿಸಬೇಕು.

ಬರೆಯದೆ ಬರೆಸಿದ ಪ್ರಬಂಧಗಳು

ಜಾಗತಿಕವಾಗಿಯೂ ಇದೇ ಕಾಯಿಲೆ. ಪ್ರಬಂಧಗಳನ್ನು ತಯಾರಿಸಿ ಮಾರುವ ಜಾಲಗಳು ಲೇಖಕರ ಸ್ಥಾನಗಳಿಗೆ ದರ ನಿಗದಿ ಮಾಡಿವೆ. ಮೊದಲ ಹೆಸರಿಗೆ ಹೆಚ್ಚು, ನಾಲ್ಕನೆಯದಕ್ಕೆ ಕಡಿಮೆ. ಕದ್ದ ಪಠ್ಯ ತಂತ್ರಾಂಶಕ್ಕೆ ಸಿಕ್ಕಿಬೀಳದಿರಲಿ ಎಂದು ಪದಗಳನ್ನು ಯಾಂತ್ರಿಕವಾಗಿ ಬದಲಿಸುತ್ತಾರೆ. 2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಬ್ಬೆ, ಅಲೆಕ್ಸಾಂಡರ್ ಮಗಜಿನೊವ್ ಇಂಥ ಪದಗಳನ್ನೇ ಹುಡುಕಿ ಸಾಕ್ಷ್ಯವಾಗಿಸಿದರು. ‘ಕೃತಕ ಬುದ್ಧಿಮತ್ತೆ’ ಇರಬೇಕಾದ ಕಡೆ ‘ಖೋಟಾ ಪ್ರಜ್ಞೆ’ ಎಂಬರ್ಥದ ಪದ, ‘ಸ್ತನ ಕ್ಯಾನ್ಸರ್’ ಇರಬೇಕಾದ ಕಡೆ ‘ಎದೆಯ ಗಂಡಾಂತರ’ ಎಂಬರ್ಥದ್ದು. ಇವು ಪರಿಣತರ ಪರಿಶೀಲನೆ ಎಂಬ ಜರಡಿ ದಾಟಿ ಪ್ರಕಟವಾಗಿದ್ದವು. ಅಂದರೆ ಯಾರೂ ಓದಿರಲಿಲ್ಲ. ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಆಧಾರ ಹುಡುಕುವ ವೈದ್ಯರ ಮುಂದೆ ಇಂಥ ಪ್ರಬಂಧ ಬಂದರೆ ಏನಾಗಬಹುದು ಎಂದು ಯೋಚಿಸಿದರೆ ಇದು ಬರೀ ಬಡ್ತಿಯ ವಿಷಯವಾಗಿ ಉಳಿಯುವುದಿಲ್ಲ.

2023ರಲ್ಲಿ ಜಗತ್ತಿನಾದ್ಯಂತ ವಾಪಸಾದ ಪ್ರಬಂಧಗಳು ಹತ್ತು ಸಾವಿರ ದಾಟಿದವು. ಅವುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ವೈಲಿ ಪ್ರಕಾಶನ ಖರೀದಿಸಿದ್ದ ಹಿಂದಾವಿ ಎಂಬ ಒಂದೇ ಸಂಸ್ಥೆಯ ಜರ್ನಲ್‌ಗಳದ್ದು.

ವಾಪಸಾದದ್ದಕ್ಕೆ ದಂಡ: ಸರಿಯೋ ತಪ್ಪೋ

ಎನ್‌ಐಆರ್‌ಎಫ್‌ನ ಹೊಸ ಕ್ರಮವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವಿಶ್ವವಿದ್ಯಾಲಯಗಳ ರ‍್ಯಾಂಕಿಂಗ್‌ನಲ್ಲಿ ಸಂಶೋಧನೆಗೆ ನೂರಕ್ಕೆ ಮೂವತ್ತರ ತೂಕವಿದೆ. ಪ್ರಬಂಧಗಳ ಸಂಖ್ಯೆ, ಉಲ್ಲೇಖಗಳ ಸಂಖ್ಯೆ ಅದರ ಮುಖ್ಯ ಭಾಗ. ರ‍್ಯಾಂಕ್ ಏರಿದರೆ ಪ್ರವೇಶಕ್ಕೆ ಜನ ಬರುತ್ತಾರೆ, ಶುಲ್ಕ ಏರುತ್ತದೆ. ಹೀಗಾಗಿ ಖಾಸಗಿ ಸಂಸ್ಥೆಗಳು ಪ್ರಬಂಧಕ್ಕೆ ಇಂತಿಷ್ಟು ಎಂದು ಅಧ್ಯಾಪಕರಿಗೆ ಹಣ ಕೊಡುವುದು, ಪ್ರಕಟಿಸದವರ ವೇತನ ಏರಿಕೆ ತಡೆಯುವುದು ನಡೆಯುತ್ತದೆ. ಎಣಿಸುವವರೇ ಈ ಓಟಕ್ಕೆ ಹಚ್ಚಿದ್ದರಿಂದ, ತಡೆಯೂ ಅವರಿಂದಲೇ ಬರಬೇಕು ಎನ್ನುವುದು ದಂಡದ ಪರವಾದ ವಾದ. ಇದರಲ್ಲಿ ಹುರುಳಿದೆ. ಇಷ್ಟು ದಿನ ಕಳಪೆ ಪ್ರಬಂಧ ಪ್ರಕಟಿಸಿದರೆ ಲಾಭ ಮಾತ್ರ ಇತ್ತು, ಸಿಕ್ಕಿಬಿದ್ದರೂ ಸಂಸ್ಥೆಗೆ ನಷ್ಟವಿರಲಿಲ್ಲ.

ವಿರೋಧಿಸುವವರ ಮಾತೂ ತಳ್ಳಿಹಾಕುವಂಥದ್ದಲ್ಲ. ವಾಪಸಾದ ಪ್ರಬಂಧಗಳೆಲ್ಲ ಮೋಸದವಲ್ಲ. 2018ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ 2020ರ ಜನವರಿಯಲ್ಲಿ ತಮ್ಮದೊಂದು ‘ಸೈನ್ಸ್’ ಪ್ರಬಂಧವನ್ನು ವಾಪಸ್ ತೆಗೆದುಕೊಂಡರು. ಫಲಿತಾಂಶ ಮತ್ತೊಮ್ಮೆ ಬರಲಿಲ್ಲ, ಪ್ರಯೋಗಾಲಯದ ನೋಟ್‌ಬುಕ್‌ನಲ್ಲಿ ಕೆಲವು ದಾಖಲೆ ಇರಲಿಲ್ಲ. ತಾವೇ ಬಹಿರಂಗವಾಗಿ ಹೇಳಿ ಕ್ಷಮೆ ಕೇಳಿದರು. ವಿಜ್ಞಾನ ಬದುಕಿರುವುದೇ ಇಂಥ ತಿದ್ದುಪಡಿಯಿಂದ. ಈಗ ಕರ್ನಾಟಕದ ಯಾವುದೋ ಕಾಲೇಜಿನ ಯುವ ಸಂಶೋಧಕಿಗೆ ತನ್ನ ಹಳೆಯ ಪ್ರಬಂಧದಲ್ಲಿ ತಪ್ಪು ಕಂಡಿತೆನ್ನಿ. ವಾಪಸ್ ತೆಗೆದುಕೊಂಡರೆ ಇಡೀ ಸಂಸ್ಥೆಯ ಅಂಕ ಹೋಗುತ್ತದೆ. ‘ಸುಮ್ಮನಿರಮ್ಮ, ಯಾರೂ ನೋಡಿಲ್ಲ’ ಎನ್ನುವ ಮುಖ್ಯಸ್ಥರು ಸಿಗುವ ಸಾಧ್ಯತೆಯೇ ಹೆಚ್ಚು. ದಂಡ ಇರಲಿ, ಆದರೆ ಲೇಖಕರೇ ಮುಂದೆ ಬಂದು ತಿದ್ದಿಕೊಂಡದ್ದನ್ನೂ, ತನಿಖೆಯಲ್ಲಿ ಸಿಕ್ಕಿಬಿದ್ದದ್ದನ್ನೂ ಬೇರೆ ಬೇರೆ ಎಣಿಸಬೇಕು. ವಾಪಸಾತಿಯ ಸೂಚನೆಯಲ್ಲಿ ಕಾರಣ ಬರೆದಿರುತ್ತದೆ. ಓದಿ ವಿಂಗಡಿಸುವುದು ಕಷ್ಟದ ಕೆಲಸವೇನಲ್ಲ.

ಹಾಗಾದರೆ ಎಣಿಕೆ ಯಾಕೆ ಉಳಿದಿದೆ?

ಎಣಿಕೆಯನ್ನು ಟೀಕಿಸುವುದು ಸುಲಭ. ಅದು ಯಾಕೆ ಬಂತು ಎನ್ನುವುದನ್ನು ಮರೆಯಬಾರದು. ಅಂಕಪದ್ಧತಿಗೆ ಮುಂಚೆ ನಮ್ಮ ವಿಶ್ವವಿದ್ಯಾಲಯಗಳ ನೇಮಕಾತಿಯಲ್ಲಿ ಆಯ್ಕೆ ಸಮಿತಿಯ ಮಾತೇ ಅಂತಿಮವಾಗಿತ್ತು. ಜಾತಿ, ವಶೀಲಿ, ಹಣದ ಆರೋಪಗಳಿಲ್ಲದ ನೇಮಕಾತಿ ಕಂಡವರು ಕಡಿಮೆ. ಹಿಂದೆ ಯಾರೂ ಇಲ್ಲದ ಅಭ್ಯರ್ಥಿಗೆ, ಮೊದಲ ತಲೆಮಾರಿನಲ್ಲಿ ಪಿಎಚ್‌.ಡಿ ಮಾಡಿದ ಹುಡುಗನಿಗೆ, ‘ನನ್ನ ಅಂಕ 90, ಅವರದು 70’ ಎಂದು ನ್ಯಾಯಾಲಯದಲ್ಲಿ ತೋರಿಸಲು ಒಂದು ಕಾಗದವಾದರೂ ಸಿಕ್ಕಿತು. ಈ ರಕ್ಷಣೆಯನ್ನು ಕಡೆಗಣಿಸಿ ‘ಗುಣವನ್ನು ನೋಡಿ’ ಎಂದು ಉಪದೇಶಿಸಿದರೆ, ಗುಣ ನೋಡುವವರು ಯಾರು ಎಂಬ ಪ್ರಶ್ನೆ ಎದುರಾಗುತ್ತದೆ.

2025ರ ಜನವರಿಯ ಯುಜಿಸಿ ಕರಡು ಸಿಕ್ಕಿಕೊಂಡಿರುವುದು ಇಲ್ಲಿಯೇ. ಅಂಕ ತೆಗೆದು ಒಂಬತ್ತು ‘ಗಮನಾರ್ಹ ಕೊಡುಗೆ’ಗಳನ್ನು ಅದು ಹೆಸರಿಸಿತು, ಅವುಗಳಲ್ಲಿ ನಾಲ್ಕರಲ್ಲಾದರೂ ಕೆಲಸ ಮಾಡಿರಬೇಕು. ಭಾರತೀಯ ಭಾಷೆಗಳಲ್ಲಿ ಬೋಧನೆಗೆ ಕೊಟ್ಟ ಕೊಡುಗೆ ಅವುಗಳಲ್ಲಿ ಒಂದು. ಕನ್ನಡದ ಮಟ್ಟಿಗೆ ಇದು ದೊಡ್ಡ ಮಾತು. ಶಾಸನಗಳ ಮೇಲೆ ಇಡೀ ಬದುಕು ಸವೆಸಿ ಕನ್ನಡದಲ್ಲಿ ಗ್ರಂಥ ಬರೆದ ವಿದ್ವಾಂಸರಿಗೆ ಸ್ಕೋಪಸ್‌ನ ಎಣಿಕೆಯಲ್ಲಿ ಹೆಚ್ಚುಕಡಿಮೆ ಅಸ್ತಿತ್ವವೇ ಇಲ್ಲ. ಆದರೆ ಆ ಕೊಡುಗೆಗಳನ್ನು ಅಳೆಯುವ ಅಧಿಕಾರ ಮತ್ತೆ ಆಯ್ಕೆ ಸಮಿತಿಗೆ ಹೋಗುತ್ತದೆ. ಅದೇ ಕರಡು ಕುಲಪತಿಗಳ ಆಯ್ಕೆಯಲ್ಲಿ ರಾಜ್ಯಪಾಲರ ಕೈ ಬಲಪಡಿಸಿದ್ದರಿಂದ ರಾಜ್ಯಗಳು ಸಿಟ್ಟಿಗೆದ್ದವು. 2025ರ ಫೆಬ್ರುವರಿ 5ರಂದು ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ಆಕ್ಷೇಪ ದಾಖಲಿಸಿದರು. ಕುಲಪತಿಯ ಪ್ರಶ್ನೆಯ ಗದ್ದಲದಲ್ಲಿ ಅಂಕದ ಪ್ರಶ್ನೆ ಚರ್ಚೆಯಾಗದೆ ಹೋಯಿತು. ಅಧ್ಯಾಪಕರ ದಿನನಿತ್ಯದ ಬದುಕಿಗೆ ಹೆಚ್ಚು ತಟ್ಟುವುದು ಎರಡನೆಯದೇ.

ಮುಂದೆ ಆಗಬಹುದಾದದ್ದು

ತಕ್ಷಣದ ಪರಿಣಾಮ ಕಾಣುವುದು ಪಿಎಚ್‌.ಡಿ ವಿದ್ಯಾರ್ಥಿಗಳಲ್ಲಿ. ಮಹಾಪ್ರಬಂಧ ಸಲ್ಲಿಸುವ ಮೊದಲು ಪ್ರಬಂಧ ಪ್ರಕಟಿಸಲೇಬೇಕೆಂಬ ಷರತ್ತನ್ನು ಯುಜಿಸಿ 2022ರ ನವೆಂಬರ್‌ನಲ್ಲಿ ತೆಗೆದಿದೆ. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮದಲ್ಲಿ ಅದನ್ನು ಉಳಿಸಿಕೊಳ್ಳಬಹುದು. ಕೇರ್ ಪಟ್ಟಿಯೂ ಇಲ್ಲದ ಮೇಲೆ ಯಾವ ಜರ್ನಲ್ ನಡೆಯುತ್ತದೆ ಎನ್ನುವುದು ಗೈಡ್ ಮತ್ತು ವಿಭಾಗದ ಮರ್ಜಿಗೆ ಬೀಳುತ್ತದೆ. ಸುರಕ್ಷಿತವಾಗಿರಲಿ ಎಂದು ಅನೇಕ ಸಂಸ್ಥೆಗಳು ‘ಸ್ಕೋಪಸ್ ಮಾತ್ರ’ ಎನ್ನುವತ್ತ ವಾಲುತ್ತವೆ. ಆಗ ಕನ್ನಡದಲ್ಲಿ, ಸ್ಥಳೀಯ ಸಮಸ್ಯೆಗಳ ಮೇಲೆ ಬರೆಯುವವರಿಗೆ ಇನ್ನಷ್ಟು ಇಕ್ಕಟ್ಟು. ಹಣ ಕೊಟ್ಟು ಸ್ಕೋಪಸ್ ಜರ್ನಲ್‌ನಲ್ಲಿ ಹೆಸರು ಹಾಕಿಸುವ ದಲ್ಲಾಳಿಗಳಿಗೆ ಸುಗ್ಗಿ.

ಒಳ್ಳೆಯ ಬೆಳವಣಿಗೆಯೂ ಒಂದಿದೆ. ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಮೂರು ವರ್ಷಕ್ಕೆ ₹6,000 ಕೋಟಿ ಮಂಜೂರು ಮಾಡಿತು. ಮೂವತ್ತು ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಹಿಂದೆ ಬೆಂಗಳೂರಿನ ಐಐಎಸ್‌ಸಿಯಂಥ ಕಡೆ ಮಾತ್ರ ಸುಲಭವಾಗಿ ಸಿಗುತ್ತಿದ್ದ ಪ್ರಬಂಧವನ್ನು ಈಗ ಕಲಬುರಗಿಯ, ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ ಕೂತೂ ಓದಬಹುದು. ಆಯ್ಕೆ ಸಮಿತಿಯ ಸದಸ್ಯರಿಗೂ ‘ಪ್ರಬಂಧ ಸಿಗಲಿಲ್ಲ’ ಎನ್ನುವ ನೆಪ ಉಳಿದಿಲ್ಲ.

ಆದ್ದರಿಂದ ಕಾರ್ಯಸಾಧ್ಯವಾದ ದಾರಿ ಎಣಿಕೆಯನ್ನು ಕಿತ್ತೆಸೆಯುವುದಲ್ಲ, ಅದನ್ನು ಹೊಸ್ತಿಲ ಆಚೆ ನಿಲ್ಲಿಸುವುದು. ಕನಿಷ್ಠ ಅರ್ಹತೆಗೆ ಎಣಿಕೆ ಇರಲಿ. ಅಲ್ಲಿಂದ ಮುಂದೆ ಅಭ್ಯರ್ಥಿ ತಾನೇ ಆರಿಸಿಕೊಟ್ಟ ಮೂರೋ ನಾಲ್ಕೋ ಪ್ರಬಂಧಗಳನ್ನು, ಪ್ರತಿಯೊಂದರಲ್ಲಿ ತನ್ನ ಪಾಲೇನು ಎಂಬ ವಿವರಣೆಯೊಂದಿಗೆ, ವಿಷಯ ಬಲ್ಲ ಹೊರಗಿನವರು ಓದಿ ಲಿಖಿತ ಅಭಿಪ್ರಾಯ ಕೊಡಲಿ. ಆಯ್ಕೆಯಾದವರ, ಆಗದವರ ಕುರಿತ ಆ ಅಭಿಪ್ರಾಯಗಳನ್ನು ಬರೆದವರ ಹೆಸರು ಮರೆಮಾಡಿ ಅಭ್ಯರ್ಥಿಗಳಿಗೆ ಕೊಡಬೇಕು. ನ್ಯಾಯಾಲಯದಲ್ಲಿ ತೋರಿಸಲು ಆಗ ಅಂಕಪಟ್ಟಿಯ ಬದಲು ಕಾರಣಗಳಿರುತ್ತವೆ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಿರುವುದು ಓದುವವರ ಸಮಯ. ಹುದ್ದೆಗಳು ಖಾಲಿ ಬಿದ್ದು, ಅತಿಥಿ ಉಪನ್ಯಾಸಕರ ಹೆಗಲ ಮೇಲೆ ವಿಭಾಗಗಳು ನಡೆಯುತ್ತಿರುವ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಆ ಸಮಯ ಕೊಡಬಲ್ಲ ಕಾಯಂ ಪ್ರಾಧ್ಯಾಪಕರು ಎಷ್ಟು ಜನ ಉಳಿದಿದ್ದಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.